ಕಾರ್ಬುರೇಟರ್ ಬೈಕಿನ ಪೆಟ್ರೋಲ್–ಗಾಳಿ ಮಿಶ್ರಣ: ಪರೀಕ್ಷಿಸುವುದು ಹೇಗೆ, ಸರಿಮಾಡುವುದು ಹೇಗೆ

"ಮೈಲೇಜ್ ಬಿದ್ದುಹೋಗಿದೆ, ಯಾವ ಸ್ಕ್ರೂ ಎಷ್ಟು ತಿರುಗಿಸಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನಷ್ಟು ಬರುತ್ತವೆ. ಚೋಕ್ ಎಳೆಯದೆ ಗಾಡಿ ನಿಲ್ಲಲ್ಲ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ, ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್ ಪಟಪಟ ಅನ್ನುತ್ತೆ. ಇವೆಲ್ಲಕ್ಕೂ ಒಂದೇ ಉತ್ತರವಿಲ್ಲ. ಆದರೆ ಉತ್ತರ ಹುಡುಕುವ ಕ್ರಮ ಒಂದೇ. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೂ ತಿರುಗಿಸುವುದು ಈ ಕೆಲಸದಲ್ಲಿ ಕೊನೆಗೆ ಬರುವಂಥದ್ದು. ಸ್ಕ್ರೂನಿಂದ ಹಾಳಾದ ಗಾಡಿಗಳಿಗಿಂತ, ಬೇರೆ ಕಡೆ ತೊಂದರೆ ಇದ್ದಾಗ ಸ್ಕ್ರೂಗೆ ಕೈ ಹಾಕಿ ಇನ್ನಷ್ಟು ಕೆಟ್ಟ ಗಾಡಿಗಳೇ ಜಾಸ್ತಿ.

ಇದು ಯಾವ ಗಾಡಿಗಳಿಗೆ?

ಕಾರ್ಬುರೇಟರ್, ಅಂದರೆ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್‌ಗೆ ಕೊಡುವ ಭಾಗ, ಇರುವ ಗಾಡಿಗಳಿಗೆ ಮಾತ್ರ. 2020ರ ಏಪ್ರಿಲ್ 1ರಿಂದ ಹೊಗೆ ಮಾಲಿನ್ಯದ ಬಿಎಸ್ 6 ನಿಯಮ ಬಂತು. ಆಮೇಲೆ ಬಂದ ಬಹುತೇಕ ಬೈಕುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದೆ. ಅಲ್ಲಿ ಮಿಶ್ರಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ನೀವು ತಿರುಗಿಸುವಂಥದ್ದು ಏನೂ ಇಲ್ಲ. ಗುರುತು ಹಿಡಿಯುವುದು ಸುಲಭ. ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅಂದರೆ, ಮೀಟರ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಬೆಳಗಿದರೆ ಅದು ಇಂಜೆಕ್ಷನ್ ಗಾಡಿ.

ಹಳೆಯ ಸ್ಪ್ಲೆಂಡರ್, ಹಳೆಯ ಪಲ್ಸರ್, ಯಮಹಾ ಆರ್‌ಎಕ್ಸ್ 100, ಕಾಸ್ಟ್ ಐರನ್ ಬುಲೆಟ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ, ಇವೆಲ್ಲಕ್ಕೂ ಕೆಳಗಿನ ಕ್ರಮ ಹೊಂದುತ್ತದೆ.

ಕೆಲವು ಮಾತುಗಳು

ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಭಾಗ ಪೆಟ್ರೋಲ್‌ಗೆ ಸುಮಾರು 14.7 ಭಾಗ ಗಾಳಿ ಬೇಕು. ಪೆಟ್ರೋಲ್ ಇದಕ್ಕಿಂತ ಜಾಸ್ತಿ ಆದರೆ ಮಿಶ್ರಣ *ರಿಚ್*, ಕಡಿಮೆ ಆದರೆ *ಲೀನ್*. ರಿಚ್ ಆದರೆ ಹೊಗೆ, ಮಸಿ, ಮೈಲೇಜ್ ನಷ್ಟ. ಲೀನ್ ಆದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ರಿಚ್ ನಿಮ್ಮ ಜೇಬಿಗೆ ಪೆಟ್ಟು, ಲೀನ್ ಪಿಸ್ಟನ್‌ಗೂ ವಾಲ್ವ್‌ಗೂ ಪೆಟ್ಟು.

*ಸ್ಲೋ ಸ್ಪೀಡ್* ಅಥವಾ ಐಡಲಿಂಗ್ ಎಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ತಾನಾಗಿ ಓಡುವ ವೇಗ. *ಜೆಟ್* ಎಂದರೆ ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿರುವ ಹಿತ್ತಾಳೆ ತುಣುಕು. *ಪೈಲಟ್ ಜೆಟ್* ಸ್ಲೋ ಸ್ಪೀಡ್‌ಗೆ, *ಮೇನ್ ಜೆಟ್* ಪೂರ್ತಿ ಆಕ್ಸಿಲರೇಟರ್‌ಗೆ. ಇವೆರಡರ ನಡುವಿನ ಓಟವನ್ನು ನೋಡಿಕೊಳ್ಳುವುದು *ನೀಡಲ್*, ಅಂದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡ್ ಜೊತೆ ಮೇಲೆ ಕೆಳಗೆ ಹೋಗುವ ಚೂಪಾದ ಕಡ್ಡಿ.

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದೇ. ಹೊರಗೆ ಕಾಣುವ ಮಿಶ್ರಣದ ಸ್ಕ್ರೂ ಪೈಲಟ್ ಜೆಟ್‌ನ ಕೆಲಸವನ್ನಷ್ಟೇ ಬದಲಿಸುತ್ತದೆ. ಆಕ್ಸಿಲರೇಟರ್ ಕಾಲು ಭಾಗ ದಾಟಿದ ಮೇಲೆ ಅದರ ಪ್ರಭಾವ ಹೆಚ್ಚುಕಡಿಮೆ ಮುಗಿದ ಹಾಗೆ. ಹೈವೇಯಲ್ಲಿ 60ರ ವೇಗದಲ್ಲಿ ಗಾಡಿ ಪೆಟ್ರೋಲ್ ಕುಡಿಯುತ್ತಿದ್ದರೆ ಈ ಸ್ಕ್ರೂ ಎಷ್ಟು ತಿರುಗಿಸಿದರೂ ಮೈಲೇಜ್ ಬರುವುದಿಲ್ಲ.

ಬೇಕಾದ ಸಾಮಾನು

ಚಪ್ಪಟೆ ಸ್ಕ್ರೂ ಡ್ರೈವರ್ (ಗಿಡ್ಡದಾಗಿದ್ದರೆ ಒಳ್ಳೆಯದು), ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ಕಾರ್ಬುರೇಟರ್ ಕ್ಲೀನರ್ ಸ್ಪ್ರೇ, ನೀರು ತುಂಬಿದ ಸಣ್ಣ ಸ್ಪ್ರೇ ಬಾಟಲಿ, ಒಣ ಬಟ್ಟೆ, ಪೆನ್ನು, ಕಾಗದ. ನಿಮ್ಮ ಗಾಡಿಯ ಮ್ಯಾನುಯಲ್ ಇದ್ದರೆ ಪಕ್ಕದಲ್ಲಿ ಇರಲಿ. ಮೀಟರ್‌ನಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ತೋರಿಸದ ಗಾಡಿಗೆ ಪ್ಲಗ್ ವೈರ್‌ಗೆ ಸುತ್ತುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ. ಅದನ್ನು ಕೊಂಡರೆ ಒಂದು ಎಚ್ಚರ: ನಮ್ಮ ಸಣ್ಣ 4 ಸ್ಟ್ರೋಕ್ ಬೈಕುಗಳಲ್ಲಿ ಹೆಚ್ಚಿನವು ಪ್ರತಿ ಸುತ್ತಿಗೂ ಒಮ್ಮೆ ಕಿಡಿ ಹಾರಿಸುತ್ತವೆ. ಮೀಟರ್ ಅನ್ನು ಎರಡು ಸುತ್ತಿಗೆ ಒಂದು ಕಿಡಿ ಎಂಬ ಸೆಟ್ಟಿಂಗ್‌ನಲ್ಲಿ ಇಟ್ಟರೆ ಲೆಕ್ಕ ದುಪ್ಪಟ್ಟು ಬರುತ್ತದೆ.

ಕೆಲಸ ಬಯಲಲ್ಲೇ ಮಾಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಅದು ಕೊಲ್ಲುತ್ತದೆ. ಶಟರ್ ಎಳೆದ ಜಾಗ, ಬೇಸ್‌ಮೆಂಟ್ ಪಾರ್ಕಿಂಗ್ ಖಂಡಿತ ಬೇಡ. ಹತ್ತಿರ ಬೀಡಿ, ಸಿಗರೇಟು, ಒಲೆ, ದೀಪ ಯಾವುದೂ ಇರಬಾರದು.

ಹಂತ 1: ಸ್ಕ್ರೂ ಮುಟ್ಟುವ ಮೊದಲು

ಏರ್ ಫಿಲ್ಟರ್ ತೆಗೆದು ನೋಡಿ. ಧೂಳು ಕಟ್ಟಿದ ಫಿಲ್ಟರ್ ಒಂದೇ ಸಾಕು, ಮಿಶ್ರಣ ರಿಚ್ ಆಗಲು. ನಮ್ಮ ಮಣ್ಣು ರಸ್ತೆಗಳಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕಾಗುತ್ತದೆ.

ಪ್ಲಗ್ ತೆಗೆದು ಗ್ಯಾಪ್ ನೋಡಿ, ತುದಿ ಸವೆದಿದ್ದರೆ ಬದಲಿಸಿ. ಟ್ಯಾಪೆಟ್, ಅಂದರೆ ವಾಲ್ವ್ ಸಂದು, ಎಂಜಿನ್ ಪೂರ್ತಿ ತಣ್ಣಗಿರುವಾಗ ಮ್ಯಾನುಯಲ್ ಪ್ರಕಾರ ಇರಬೇಕು. ವಾಲ್ವ್ ಬಿಗಿಯಾಗಿದ್ದರೆ ಯಾವ ಟ್ಯೂನಿಂಗ್‌ಗೂ ಸ್ಲೋ ಸ್ಪೀಡ್ ನಿಲ್ಲುವುದಿಲ್ಲ. ಚೋಕ್ ಪೂರ್ತಿ ಬಿಟ್ಟಿದೆಯಾ ನೋಡಿ. ಕೇಬಲ್ ಒಳಗೆ ತುಕ್ಕು ಹಿಡಿದು ಚೋಕ್ ಅರ್ಧದಲ್ಲೇ ನಿಂತಿರುವುದು ತುಂಬಾ ಸಾಮಾನ್ಯ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ ಎಳೆದು ರೇಸ್ ಏರಬಾರದು.

ಪೆಟ್ರೋಲ್ ಹರಿವು ಸರಿ ಇದೆಯಾ? ಸ್ವಲ್ಪ ದೂರ ಓಡಿ ನಿಂತುಹೋಗಿ, ಟ್ಯಾಂಕ್ ಮುಚ್ಚಳ ತೆರೆದು ಮುಚ್ಚಿದ ಮೇಲೆ ಮತ್ತೆ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದರ್ಥ. ಕಾರ್ಬುರೇಟರ್ ಕೆಳಗಿನ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಅದು ಓವರ್‌ಫ್ಲೋ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ವಾಲ್ವ್ ಸವೆದಿರಬಹುದು, ಅಥವಾ ಅದರಲ್ಲಿ ಕಸ ಸಿಕ್ಕಿರಬಹುದು. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಇನ್ನು ಗಾಳಿ ಸೋರಿಕೆ. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೊಳವೆ ಬಿರುಕು ಬಿಟ್ಟರೆ ಅಲ್ಲಿಂದ ಗಾಳಿ ಒಳಗೆ ನುಗ್ಗಿ ಮಿಶ್ರಣ ಲೀನ್ ಆಗುತ್ತದೆ. ಎಂಜಿನ್ ಸ್ಲೋ ಸ್ಪೀಡ್‌ನಲ್ಲಿ ಓಡುತ್ತಿರುವಾಗ ಆ ಜೋಡಣೆಯ ಸುತ್ತ ಸ್ವಲ್ಪ ನೀರು ಸ್ಪ್ರೇ ಮಾಡಿ. ಸದ್ದು ಬದಲಾದರೆ ಸೋರಿಕೆ ಅಲ್ಲೇ ಇದೆ. ಕೆಲವರು ಇದಕ್ಕೆ ಕಾರ್ಬುರೇಟರ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ದಾರಿ, ನೀರೇ ಸಾಕು.

ಹಂತ 2: ರಿಚ್ ಇದೆಯಾ, ಲೀನ್ ಇದೆಯಾ?

ರಿಚ್ ಆದಾಗ: ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಸೈಲೆನ್ಸರ್ ತುದಿಯಲ್ಲಿ ಒಣ ಮಸಿ. ಬಿಸಿಯಾದಷ್ಟೂ ಎಂಜಿನ್ ಮಂಕಾಗುತ್ತದೆ. ರೇಸ್ ಕೊಟ್ಟು ಬಿಟ್ಟಾಗ ವೇಗ ತುಂಬಾ ಕೆಳಗೆ ಬಿದ್ದು ಆಮೇಲೆ ಮೇಲೆ ಬರುತ್ತದೆ.

ಲೀನ್ ಆದಾಗ: ಚೋಕ್ ಬಿಟ್ಟೊಡನೆ ಆಫ್. ಆಕ್ಸಿಲರೇಟರ್ ಒಮ್ಮೆಲೇ ಕೊಟ್ಟರೆ ತಡವರಿಸುತ್ತದೆ. ರೇಸ್ ಬಿಟ್ಟ ಮೇಲೂ ವೇಗ ಬೇಗ ಇಳಿಯುವುದಿಲ್ಲ. ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಅನ್ನುತ್ತದೆ. ಈ ಪಟಪಟ ಸದ್ದಿಗೆ ಸೈಲೆನ್ಸರ್ ಗ್ಯಾಸ್ಕೆಟ್ ಸೋರುವುದೂ ಕಾರಣ ಇರಬಹುದು, ಹಾಗಾಗಿ ಎಂಜಿನ್ ತಲೆಯ ಹತ್ತಿರದ ಆ ಜೋಡಣೆ ನೋಡಿಕೊಳ್ಳಿ.

ಅನುಮಾನ ಉಳಿದರೆ ಚೋಕ್ ಪರೀಕ್ಷೆ ಮಾಡಿ. ಎಂಜಿನ್ ಬಿಸಿ ಇರುವಾಗ, ತೊಂದರೆ ಕಾಣುವ ವೇಗದಲ್ಲೇ ಚೋಕ್ ಸ್ವಲ್ಪ ಎಳೆಯಿರಿ. ಚೋಕ್ ಎಂದರೆ ಮಿಶ್ರಣಕ್ಕೆ ಪೆಟ್ರೋಲ್ ಪಾಲು ಹೆಚ್ಚಿಸುವುದು, ಅಲ್ವಾ? ಹಾಗಾಗಿ ಎಂಜಿನ್ ಸುಧಾರಿಸಿದರೆ ಅದು ಲೀನ್, ಇನ್ನೂ ಕೆಟ್ಟರೆ ರಿಚ್. ಇಷ್ಟು ಸುಲಭವಾಗಿ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ.

ಪ್ಲಗ್ ಬಣ್ಣವೂ ಹೇಳುತ್ತದೆ. ಪಿಂಗಾಣಿ ಭಾಗ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣದಲ್ಲಿದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ರಿಚ್. ಬೆಳ್ಳಗೆ ಸುಣ್ಣದ ಹಾಗಿದ್ದು ತುದಿಯಲ್ಲಿ ಗುಳ್ಳೆ ಎದ್ದಿದ್ದರೆ ಲೀನ್. ಕಪ್ಪಾಗಿ ಎಣ್ಣೆ ಅಂಟಿದ್ದರೆ ಅದು ಮಿಶ್ರಣದ ತೊಂದರೆ ಅಲ್ಲ. 4 ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಬೇಕು. ಒಂದು ಎಚ್ಚರಿಕೆ: ಮನೆ ಮುಂದೆ ಹತ್ತು ನಿಮಿಷ ಸುಮ್ನೆ ಓಡಿಸಿ ನಿಲ್ಲಿಸಿದ ಗಾಡಿಯ ಪ್ಲಗ್ ಸ್ಲೋ ಸ್ಪೀಡ್‌ನ ಕತೆ ಮಾತ್ರ ಹೇಳುತ್ತದೆ. ರಸ್ತೆಯ ಓಟ ತಿಳಿಯಬೇಕಾದರೆ ರಸ್ತೆಯಲ್ಲಿ ಓಡಿಸಿ ಬಂದು ನೋಡಬೇಕು.

ಹಂತ 3: ಸ್ಕ್ರೂ ಗುರುತಿಸಿ

ಕಾರ್ಬುರೇಟರ್ ಮೇಲೆ ಎರಡು ಸ್ಕ್ರೂ ಕಾಣುತ್ತವೆ. ಸ್ಪ್ರಿಂಗ್ ಇರುವ ದಪ್ಪನೆಯದು ಸ್ಲೋ ಸ್ಪೀಡ್ ಸ್ಕ್ರೂ. ಅದು ಗಾಳಿಯ ದಾರಿಯನ್ನು ಸ್ವಲ್ಪ ತೆರೆದು ಹಿಡಿಯುತ್ತದೆ ಅಷ್ಟೇ, ಮಿಶ್ರಣ ಬದಲಿಸುವುದಿಲ್ಲ. ಇನ್ನೊಂದು ಸಣ್ಣದು, ಸಾಮಾನ್ಯವಾಗಿ ಗುಂಡಿಯ ಒಳಗೆ ಇರುತ್ತದೆ. ಅದೇ ಮಿಶ್ರಣದ ಸ್ಕ್ರೂ.

ಹೆಚ್ಚಿನವರು ಎಡವುವುದು ಇಲ್ಲೇ. ಈ ಸಣ್ಣ ಸ್ಕ್ರೂ ಎರಡು ಬಗೆ.

ಅದು ಏರ್ ಫಿಲ್ಟರ್ ಕಡೆಗಿದ್ದರೆ *ಏರ್ ಸ್ಕ್ರೂ*. ಅದು ಗಾಳಿಯನ್ನು ಬಿಡುತ್ತದೆ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆ, ಮಿಶ್ರಣ ರಿಚ್. ಹೊರಗೆ ತಿರುಗಿಸಿದರೆ ಲೀನ್. ಆರ್‌ಎಕ್ಸ್ 100 ಮತ್ತು ಕಾಸ್ಟ್ ಐರನ್ ಬುಲೆಟ್‌ನ ಮಿಕುನಿ ಬಗೆಯ ಕಾರ್ಬುರೇಟರ್‌ಗಳಲ್ಲಿ ಇರುವುದು ಇದು.

ಅದು ಎಂಜಿನ್ ಕಡೆಗಿದ್ದರೆ *ಪೈಲಟ್ ಸ್ಕ್ರೂ*. ಅದು ಪೆಟ್ರೋಲ್ ಬೆರೆತ ಮಿಶ್ರಣವನ್ನೇ ಬಿಡುತ್ತದೆ. ಇಲ್ಲಿ ಎಲ್ಲ ತಿರುವುಮುರುವು: ಹೊರಗೆ ತಿರುಗಿಸಿದರೆ ರಿಚ್, ಒಳಗೆ ತಿರುಗಿಸಿದರೆ ಲೀನ್. ಪಲ್ಸರ್‌ನಂಥ ಗಾಡಿಗಳ ಸಿವಿ ಕಾರ್ಬುರೇಟರ್‌ಗಳಲ್ಲಿ, ಅಂದರೆ ಎಂಜಿನ್ ಎಳೆಯುವ ಗಾಳಿಯಿಂದಲೇ ಸ್ಲೈಡ್ ಏಳುವ ಬಗೆಯಲ್ಲಿ, ಇದು ಸಾಮಾನ್ಯ.

ಸ್ನೇಹಿತರ ಗಾಡಿಗೆ ಹೊಂದಿದ ಸಲಹೆ ನಿಮ್ಮ ಗಾಡಿಗೆ ಉಲ್ಟಾ ಆಗುವುದು ಈ ಕಾರಣಕ್ಕೆ.

ಹಂತ 4: ಎಣಿಸಿ, ಬರೆದುಕೊಳ್ಳಿ

ಎಂಜಿನ್ ಆಫ್ ಮಾಡಿ. ಮಿಶ್ರಣದ ಸ್ಕ್ರೂ ಈಗ ಎಲ್ಲಿದೆಯೋ ಅಲ್ಲಿಂದ ನಿಧಾನವಾಗಿ ಒಳಗೆ ತಿರುಗಿಸುತ್ತಾ ಸುತ್ತು ಎಣಿಸಿ. ತಳ ಮುಟ್ಟಿದ ಅನುಭವ ಬಂದ ತಕ್ಷಣ ನಿಲ್ಲಿಸಿ. ಎಷ್ಟು ಸುತ್ತು ಆಯಿತೋ ಬರೆದಿಡಿ. ಎಲ್ಲ ಕೆಟ್ಟರೂ ಹಿಂದಿರುಗಲು ನಿಮಗೆ ಇರುವ ದಾರಿ ಅದೊಂದೇ.

ತಳ ಮುಟ್ಟಿದ ಮೇಲೆ ಬಿಗಿ ಮಾಡಲೇಬೇಡಿ. ಸ್ಕ್ರೂ ತುದಿ ಸೂಜಿಯಂತಿರುತ್ತದೆ. ಒತ್ತಿದರೆ ತುದಿ ಮುರಿದು ತೂತಿನಲ್ಲೇ ಉಳಿಯುತ್ತದೆ, ಇಲ್ಲವೇ ಅದು ಕೂರುವ ಜಾಗ ಅಗಲವಾಗುತ್ತದೆ. ಎರಡರಲ್ಲಿ ಯಾವುದಾದರೂ ಕಾರ್ಬುರೇಟರ್ ಬದಲಿಸುವ ಖರ್ಚು.

ಈಗ ಮ್ಯಾನುಯಲ್ ಹೇಳಿದಷ್ಟು ಹೊರಗೆ ತನ್ನಿ. ಮ್ಯಾನುಯಲ್ ಇಲ್ಲದಿದ್ದರೆ 1½ ಸುತ್ತಿನಿಂದ ಶುರು ಮಾಡಿ.

ಹಂತ 5: ಟ್ಯೂನಿಂಗ್

ಗಾಡಿಯನ್ನು ಐದಾರು ಕಿಲೋಮೀಟರ್ ಓಡಿಸಿ ಬನ್ನಿ. ತಣ್ಣನೆಯ ಎಂಜಿನ್‌ಗೆ ಮಾಡಿದ ಟ್ಯೂನಿಂಗ್ ಬಿಸಿಯಾದ ಮೇಲೆ ನಿಲ್ಲುವುದಿಲ್ಲ. ನಿಂತಲ್ಲೇ ಓಡಿಸಿ ಬಿಸಿ ಮಾಡುವುದೂ ಸರಿಯಲ್ಲ. ನಮ್ಮ ಹೆಚ್ಚಿನ ಬೈಕುಗಳು ಗಾಳಿಯಿಂದ ತಣ್ಣಗಾಗುವಂಥವು, ನಿಂತಿದ್ದರೆ ಅತಿಯಾಗಿ ಕಾಯುತ್ತವೆ.

ಸೆಂಟರ್ ಸ್ಟ್ಯಾಂಡ್ ಹಾಕಿ ಸ್ಟಾರ್ಟ್ ಮಾಡಿ. ಸ್ಲೋ ಸ್ಪೀಡ್ ಅನ್ನು ಮಾಮೂಲಿಗಿಂತ ಸ್ವಲ್ಪ ಮೇಲೆ ಇಡಿ.

ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ. ಕಾಯಿರಿ. ಎಂಜಿನ್ ಉತ್ತರ ಕೊಡಲು ಹತ್ತು, ಹದಿನೈದು ಸೆಕೆಂಡ್ ಬೇಕು. ಸರಸರ ತಿರುಗಿಸುವವರಿಗೆ ಸರಿಯಾದ ಜಾಗ ಯಾವತ್ತೂ ಸಿಗುವುದಿಲ್ಲ. ವೇಗ ಏರಿದರೆ ಅದೇ ದಿಕ್ಕಿನಲ್ಲಿ ಇನ್ನೊಂದು ಕಾಲು ಸುತ್ತು. ಏರುತ್ತಾ ಹೋಗಿ ಒಂದು ಕಡೆ ಇಳಿಯಲು, ಇಲ್ಲವೇ ಮಿಸ್ಸಿಂಗ್ ಆಗಲು ಶುರುವಾಗುತ್ತದೆ. ಆ ಜಾಗ ನೆನಪಿಡಿ. ಈಗ ಉಲ್ಟಾ ದಿಕ್ಕಿನಲ್ಲಿ ಬನ್ನಿ, ಆ ಕಡೆಯೂ ಇಳಿಯುವ ಜಾಗ ಸಿಗುತ್ತದೆ. ಇವೆರಡರ ನಡುವೆ ಎಂಜಿನ್ ಅತಿ ಜೋರಾಗಿ, ಅತಿ ಸಮವಾಗಿ ಓಡುವ ಜಾಗದಲ್ಲಿ ಸ್ಕ್ರೂ ನಿಲ್ಲಿಸಿ.

ಆಮೇಲೆ ಸ್ಲೋ ಸ್ಪೀಡ್ ಸ್ಕ್ರೂ ಹೊರಗೆ ತಿರುಗಿಸಿ ವೇಗ ಇಳಿಸಿ. ಸ್ಪ್ಲೆಂಡರ್‌ನಂಥ 100 ಸಿಸಿ ಗಾಡಿಗೆ 1,400 ಆರ್‌ಪಿಎಂ ಆಸುಪಾಸು ಸರಿ. ವೇಗ ಇಳಿಸಿದ ಮೇಲೆ ಮಿಶ್ರಣದ ಸ್ಕ್ರೂ ಇನ್ನೊಮ್ಮೆ, ಈ ಸಲ ಎಂಟನೇ ಒಂದು ಸುತ್ತಿನಷ್ಟೇ, ಆಚೆ ಈಚೆ ತಿರುಗಿಸಿ ನೋಡಿ. ಎರಡೂ ಸ್ಕ್ರೂ ಒಂದರ ಮೇಲೊಂದು ಪರಿಣಾಮ ಮಾಡುವುದರಿಂದ ಈ ಎರಡನೇ ಸುತ್ತು ಬಿಡಬಾರದು.

ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಸದ್ದು ಬದಲಾಗುತ್ತಲೇ ಇಲ್ಲವೇ? ಪೈಲಟ್ ಜೆಟ್ ಕಟ್ಟಿದೆ. ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇದು ಸಹಜ. ಬೌಲ್, ಅಂದರೆ ಕಾರ್ಬುರೇಟರ್ ತಳದ ಬಟ್ಟಲು, ಬಿಚ್ಚಿ ಜೆಟ್ ತೆಗೆದು, ಕ್ಲೀನರ್ ಹೊಡೆದು, ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿ. ಬೆಳಕಿಗೆ ಹಿಡಿದರೆ ದುಂಡನೆಯ ತೂತು ಕಾಣಬೇಕು. ಪಿನ್ನು, ಸ್ಟೀಲ್ ತಂತಿ ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅದು ಬೇರೆಯೇ ಜೆಟ್ ಆಗಿಬಿಡುತ್ತದೆ.

ಸ್ಕ್ರೂ ಪೂರ್ತಿ ಒಳಗೆ ಇದ್ದಾಗ, ಅಥವಾ 3 ಸುತ್ತಿಗಿಂತ ಹೊರಗೆ ಇದ್ದಾಗ ಮಾತ್ರ ಎಂಜಿನ್ ಚೆನ್ನಾಗಿ ಓಡಿದರೆ ಅಲ್ಲಿಗೆ ಒಪ್ಪಿಕೊಂಡು ಬಿಡಬೇಡಿ. ಗಾಳಿ ಸೋರಿಕೆ, ತಪ್ಪು ಜೆಟ್, ಫ್ಲೋಟ್ ಮಟ್ಟ, ಇವುಗಳಲ್ಲಿ ಏನೋ ತಪ್ಪಿದೆ.

ಹಂತ 6: ರಸ್ತೆಯಲ್ಲಿ ನೋಡಿ

ಆಕ್ಸಿಲರೇಟರ್ ಹಿಡಿಯ ಮೇಲೆ ಒಂದು ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿ. ತೊಂದರೆ ಯಾವ ಗುರುತಿನಲ್ಲಿ ಬರುತ್ತದೆ ಎನ್ನುವುದೇ ಕಾರ್ಬುರೇಟರ್‌ನ ಯಾವ ಭಾಗ ನೋಡಬೇಕು ಎಂದು ಹೇಳುತ್ತದೆ. ಕಾಲು ಭಾಗದೊಳಗೆ ಆದರೆ ಪೈಲಟ್ ಜೆಟ್ ಮತ್ತು ಈಗ ತಿರುಗಿಸಿದ ಸ್ಕ್ರೂ. ಕಾಲಿನಿಂದ ಮುಕ್ಕಾಲು ಭಾಗದವರೆಗೆ ನೀಡಲ್. ಆಮೇಲೆ ಮೇನ್ ಜೆಟ್.

ದಿನನಿತ್ಯದ ಓಟ ನಡೆಯುವುದೆಲ್ಲ ನೀಡಲ್ ಮೇಲೆ. ಮೈಲೇಜ್ ಇರುವುದೂ ಅಲ್ಲೇ. ನೀಡಲ್ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರು ಇರುತ್ತವೆ, ಒಂದರಲ್ಲಿ ಸಣ್ಣ ಕ್ಲಿಪ್ ಕೂತಿರುತ್ತದೆ. ಕ್ಲಿಪ್ ಒಂದು ಗೀರು ಕೆಳಗೆ ಹಾಕಿದರೆ ನೀಡಲ್ ಮೇಲೇರಿ ಮಿಶ್ರಣ ರಿಚ್. ಒಂದು ಗೀರು ಮೇಲೆ ಹಾಕಿದರೆ ಲೀನ್. ಒಂದು ಸಲಕ್ಕೆ ಒಂದೇ ಗೀರು, ಆಮೇಲೆ ಒಂದು ಟ್ಯಾಂಕ್ ಓಡಿಸಿ ನೋಡಿ. ಕೆಲವು ಸಿವಿ ಕಾರ್ಬುರೇಟರ್‌ಗಳ ನೀಡಲ್‌ನಲ್ಲಿ ಗೀರೇ ಇರುವುದಿಲ್ಲ. ಅದನ್ನು ತೆಗೆಯುವಾಗ ಡಯಾಫ್ರಾಮ್, ಅಂದರೆ ತೆಳು ರಬ್ಬರ್ ಪೊರೆ, ಹರಿಯದಂತೆ ಜೋಪಾನ.

ಹಳೆಯ ಗಾಡಿಯಲ್ಲಿ ನೀಡಲ್ ಮತ್ತು ಅದು ಇಳಿಯುವ ಕೊಳವೆ ಸವೆದು ಸಂದು ದೊಡ್ಡದಾಗಿರುತ್ತದೆ. ಆಗ ಕ್ಲಿಪ್ ಎಲ್ಲಿಟ್ಟರೂ ಮೈಲೇಜ್ ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಹೊಸದು ಹಾಕುವುದೇ ದಾರಿ.

ಮೇನ್ ಜೆಟ್ ಕಂಪನಿ ಹಾಕಿದ್ದೇ ಇರಲಿ. ತೆರೆದ ಫಿಲ್ಟರ್, ಬೇರೆ ಸೈಲೆನ್ಸರ್ ಹಾಕಿದವರಿಗೆ ಮಾತ್ರ ಅದನ್ನು ಬದಲಿಸುವ ಅಗತ್ಯ ಬರುತ್ತದೆ. ಮೈಲೇಜ್ ಆಸೆಗೆ ಸಣ್ಣ ಮೇನ್ ಜೆಟ್ ಹಾಕಿಕೊಂಡು ಹೈವೇಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಸುಡುತ್ತದೆ.

ಹಂತ 7: ಎಮಿಷನ್ ಟೆಸ್ಟ್ ಚೀಟಿ ಓದಿ

ಎಲ್ಲರ ಹತ್ತಿರವೂ ಇರುವ, ಯಾರೂ ಓದದ ಕಾಗದ ಇದು. ಅದರಲ್ಲಿ ಸಿಓ ಎಂದರೆ ಕಾರ್ಬನ್ ಮೊನಾಕ್ಸೈಡ್, ಶೇಕಡಾ ಲೆಕ್ಕದಲ್ಲಿ. ಎಚ್‌ಸಿ ಎಂದರೆ ಉರಿಯದೆ ಹೊರಬಂದ ಪೆಟ್ರೋಲ್, ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಭಾಗ) ಲೆಕ್ಕದಲ್ಲಿ. 2000ರ ಮಾರ್ಚ್ 31ರ ನಂತರ ತಯಾರಾದ ಹಳೆಯ 4 ಸ್ಟ್ರೋಕ್ ಬೈಕುಗಳಿಗೆ ಮಿತಿ ಸಿಓ ಶೇ 3.5, ಎಚ್‌ಸಿ 4,500. ಬಿಎಸ್ 4ರಿಂದ ಈಚಿನ ಗಾಡಿಗಳಿಗೆ ಈ ಲೆಕ್ಕ ಹಾಕಬೇಡಿ.

ಸಿಓ ಮಿತಿಯ ಹತ್ತಿರ ಇದ್ದರೆ ಸ್ಲೋ ಸ್ಪೀಡ್ ಮಿಶ್ರಣ ರಿಚ್. ಸಿಓ ತುಂಬಾ ಕಡಿಮೆ, ಆದರೆ ಎಚ್‌ಸಿ ಜಾಸ್ತಿ ಇದ್ದರೆ ಮಿಶ್ರಣ ಲೀನ್ ಆಗಿ ಎಂಜಿನ್ ಮಿಸ್ ಹೊಡೆಯುತ್ತಿದೆ, ಇಲ್ಲವೇ ಪ್ಲಗ್ ಕೆಟ್ಟಿದೆ. ಎರಡೂ ಜಾಸ್ತಿ ಇದ್ದರೆ ಮೊದಲು ಏರ್ ಫಿಲ್ಟರ್ ಮತ್ತು ಚೋಕ್ ನೋಡಿ. ಟ್ಯೂನಿಂಗ್‌ಗೆ ಮೊದಲಿನ ಚೀಟಿ, ನಂತರದ ಚೀಟಿ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಕಿವಿ ಹೇಳಿದ್ದು ಸರಿಯೋ ಅಲ್ಲವೋ ಗೊತ್ತಾಗುತ್ತದೆ. ಎಂಜಿನ್ ಬಿಸಿ ಇರುವಾಗಲೇ ಟೆಸ್ಟ್ ಮಾಡಿಸಿ. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ಶುದ್ಧ ಮಾಡುವ ಡಬ್ಬಿ, ಸೈಲೆನ್ಸರ್ ಒಳಗಿದ್ದರೆ ಅಂಕಿಗಳು ಕಡಿಮೆಯೇ ಬರುತ್ತವೆ. ಅಲ್ಲಿ ಈ ಓದು ಅಷ್ಟು ನೇರವಲ್ಲ.

ಇ20 ಪೆಟ್ರೋಲ್

ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟ ಶುರುವಾಗಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ಒಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು. 14.7 ಇದ್ದ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಕಾರ್ಬುರೇಟರ್‌ಗೆ ಇದು ಗೊತ್ತಾಗುವುದಿಲ್ಲ, ಹಳೆಯ ಜೆಟ್‌ನಲ್ಲೇ ಹಳೆಯಷ್ಟೇ ಕೊಡುತ್ತದೆ. ಫಲ, ಮಿಶ್ರಣ ಲೀನ್ ಕಡೆಗೆ ಜಾರುತ್ತದೆ. ಎಷ್ಟೋ ವರ್ಷ ಸರಿಯಾಗಿದ್ದ ಗಾಡಿ ಇತ್ತೀಚೆಗೆ ಚೋಕ್ ಕೇಳುತ್ತಿದ್ದರೆ ಕಾರಣ ಇದಿರಬಹುದು. ಹಂತ 5 ಮತ್ತೆ ಮಾಡಿ, ಅರ್ಧ ಆಕ್ಸಿಲರೇಟರ್‌ನಲ್ಲಿ ಎಳೆದೆಳೆದು ಬಿಟ್ಟಂತಾದರೆ ನೀಡಲ್ ಒಂದು ಗೀರು ರಿಚ್ ಮಾಡಿ. ಮೈಲೇಜ್ ಸ್ವಲ್ಪ ಕಡಿಮೆ ಬರುವುದನ್ನು ಒಪ್ಪಿಕೊಳ್ಳಿ. ಅದನ್ನು ಲೀನ್ ಮಾಡಿ ಗಳಿಸಲು ಹೋಗಬೇಡಿ.

ಎಥನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬೌಲ್‌ನ ಕೆಳಗಿನ ಸ್ಕ್ರೂ ಸಡಿಲಿಸಿ ಖಾಲಿ ಮಾಡಿಡಿ.

ಘಟ್ಟ ಇಳಿಯುವವರಿಗೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಮಡಿಕೇರಿ ಸುಮಾರು 1,150 ಮೀಟರ್. ಬೆಂಗಳೂರಿನ ಗಾಳಿ ಕರಾವಳಿಗಿಂತ ಸುಮಾರು ಶೇ 8ರಷ್ಟು ತೆಳು. ಮಂಗಳೂರಿನಲ್ಲಿ ಟ್ಯೂನ್ ಆದ ಗಾಡಿ ಮೇಲೆ ಬಂದರೆ ಸ್ವಲ್ಪ ರಿಚ್ ಆಗುತ್ತದೆ, ಅದು ಅಪಾಯವಲ್ಲ. ಬೆಂಗಳೂರಿನಲ್ಲಿ ಮೈಲೇಜ್‌ಗಾಗಿ ಲೀನ್ ಅಂಚಿಗೆ ತಂದಿಟ್ಟ ಗಾಡಿ ಕರಾವಳಿಗೆ ಇಳಿದರೆ ಇನ್ನೂ ಲೀನ್ ಆಗುತ್ತದೆ. ಅಲ್ಲಿನ ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸುವವರು ಹೊರಡುವ ಮೊದಲೇ ಸ್ಕ್ರೂ ಮತ್ತು ನೀಡಲ್ ಕಂಪನಿ ಹೇಳಿದ ಜಾಗಕ್ಕೆ ತನ್ನಿ.

2 ಸ್ಟ್ರೋಕ್ ಇಟ್ಟುಕೊಂಡವರಿಗೆ

ಆರ್‌ಎಕ್ಸ್, ಯೆಜ್ಡಿ ಓಡಿಸುವವರು ಯಾವಾಗಲೂ ಸ್ವಲ್ಪ ರಿಚ್ ಕಡೆಗೇ ಇರಲಿ. ಹಂತ 5ರಲ್ಲಿ ಸಿಕ್ಕ ಜಾಗದಿಂದ ಎಂಟನೇ ಒಂದು ಸುತ್ತು ರಿಚ್ ಮಾಡಿ ನಿಲ್ಲಿಸಿ. ಇಲ್ಲಿ ಲೀನ್ ಎಂದರೆ ನೇರವಾಗಿ ಎಂಜಿನ್ ಸೀಜ್, ಅಂದರೆ ಪಿಸ್ಟನ್ ಸಿಲಿಂಡರ್ ಒಳಗೆ ಕಚ್ಚಿಕೊಂಡು ನಿಲ್ಲುವುದು.

ಯೆಜ್ಡಿಯಂತೆ ಪೆಟ್ರೋಲ್‌ನಲ್ಲೇ ಆಯಿಲ್ ಬೆರೆಸುವ ಗಾಡಿಗೆ "ಇರಲಿ ಬಿಡು" ಎಂದು ಹೆಚ್ಚು ಆಯಿಲ್ ಸುರಿಯಬೇಡಿ. ಜೆಟ್ ಮೂಲಕ ಹೋಗುವ ಅಳತೆ ಅಷ್ಟೇ. ಆಯಿಲ್ ಪಾಲು ಏರಿದಷ್ಟೂ ಪೆಟ್ರೋಲ್ ಪಾಲು ಇಳಿಯುತ್ತದೆ, ಮಿಶ್ರಣ ಇನ್ನಷ್ಟು ಲೀನ್ ಆಗುತ್ತದೆ. ಆರ್‌ಎಕ್ಸ್ 100ರಲ್ಲಿ ಆಯಿಲ್ ಪಂಪ್ ಬೇರೆ ಇದೆ, ಅದರ ಕೇಬಲ್ ಆಕ್ಸಿಲರೇಟರ್ ಜೊತೆಗೇ ಎಳೆಯುತ್ತದೆ. ಆಕ್ಸಿಲರೇಟರ್ ಕೇಬಲ್ ಬದಲಿಸಿದಾಗಲೆಲ್ಲ ಪಂಪ್ ಮೇಲಿನ ಗುರುತು ಸರಿ ಕೂತಿದೆಯಾ ನೋಡಿಸಿ. ಹೊಗೆ ಕಡಿಮೆ ಮಾಡಲು ಪಂಪ್ ಇಳಿಸಿಬಿಡುವವರ ಮಾತು ಕೇಳಬೇಡಿ.

ಚಾರ್ಮಾಡಿ, ಶಿರಾಡಿಯಂಥ ಘಾಟಿಗಳಲ್ಲಿ ಗೇರ್‌ನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಉದ್ದಕ್ಕೂ ಇಳಿಯುವುದು 2 ಸ್ಟ್ರೋಕ್‌ಗೆ ಕೆಟ್ಟದ್ದು. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಒಳಗೆ ಹೋಗುವ ಪೆಟ್ರೋಲ್ ಮತ್ತು ಆಯಿಲ್ ಮಾತ್ರ ತೀರಾ ಕಡಿಮೆ. ಆಗಾಗ ಕ್ಲಚ್ ಹಿಡಿದು ಒಂದೊಂದು ರೇಸ್ ಕೊಡುತ್ತಾ ಇಳಿಯಿರಿ.